ಟೇಲರಮ್ಮನೂ ಕೆಮ್ಮಜ್ಜನೂ

ಮೊದಲೇ ಹೇಳಿಬಿಡುತ್ತೇನೆ, ನನಗೂ ಕಾರಿಗೂ ಎಣ್ಣೆ ಸೀಗೆಕಾಯಿ. ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಪುಸ್ತಕ ಕೊಟ್ಟು ವಾಪಸು ತೆಗೆದುಕೊಂಡವನು ನಾನು. ಪುಸ್ತಕ ಎಷ್ಟೇ ಹಳತಾಗಲಿ, ಹೊಗೆ ಉಗುಳುವುದಿಲ್ಲ, ಇಳಿಜಾರಿನಲ್ಲಿ ತಾನಾಗಿ ಹೊರಡುವುದಿಲ್ಲ. ಹರಿದರೆ ಅಂಟು ಹಚ್ಚಿ ಮೇಲೊಂದು ಭಾರ ಇಟ್ಟರೆ ಮುಗಿಯಿತು. ಆದರೆ ಹಣೆಬರಹ ನೋಡಿ: ಕಟ್ಟಿಕೊಂಡದ್ದು ಮೆಕ್ಯಾನಿಕ್ಕನ ಮಗಳನ್ನು, ಅವಳ ಬೆನ್ನು ಹತ್ತಿ ಮನೆಗೆ ಬಂದದ್ದು ಒಂದು ಡೀಸೆಲ್ ಕಾರು.

ಬೀದಿಗೆಲ್ಲ ನನ್ನ ಹೆಂಡತಿ ಟೇಲರಮ್ಮ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಮಷೀನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಗೋಡೆಯ ತುಂಬ ಕಂದು ಕಾಗದದಲ್ಲಿ ಕತ್ತರಿಸಿಟ್ಟ ಅಳತೆಗಳು. ಬೀದಿಯಲ್ಲಿ ಯಾರ ಹೊಟ್ಟೆ ಯಾವ ವರ್ಷ ಎಷ್ಟು ಮುಂದೆ ಬಂತು ಎಂಬುದಕ್ಕೆ ಅಲ್ಲಿ ದಾಖಲೆ ಇದೆ. ನನ್ನದೂ ಇದೆ, ಬೇಕೆಂದೇ ಎಲ್ಲರಿಗೂ ಕಾಣುವ ಹಾಗೆ ಬಾಗಿಲ ಪಕ್ಕ ನೇತುಹಾಕಿದ್ದಾಳೆ. ಒಬ್ಬರ ಅಳತೆಯ ಕಾಗದವನ್ನು ಇನ್ನೊಬ್ಬ ಟೇಲರ್ ಕೇಳಿದರೆ ಮಾತ್ರ ಕೊಡುವುದಿಲ್ಲ. ಬಟ್ಟೆ ಬೇಕಾದರೆ ಹೊಲಿದು ಕೊಡುತ್ತಾಳೆ, ಕಾಗದ ಅಂಗಡಿ ಬಿಟ್ಟು ಹೊರಗೆ ಹೋಗದು. ಅದು ಅವಳ ಕಸುಬಿನ ನಿಯಮವಂತೆ.

ಕಾರಿನ ಹೆಸರು ಕೆಮ್ಮಜ್ಜ. ಇಟ್ಟದ್ದು ನಾನಲ್ಲ, ಬೀದಿಯವರು. ಬೆಳಿಗ್ಗೆ ಕೀ ತಿರುಗಿಸಿದರೆ ಮೊದಲು ಗೊರಗೊರ ಅನ್ನುತ್ತಾನೆ, ಆಮೇಲೆ ನಾಲ್ಕು ಸಲ ಕೆಮ್ಮುತ್ತಾನೆ, ಕೊನೆಗೆ ಒಂದು ಮೋಡದಷ್ಟು ಬಿಳಿ ಹೊಗೆ ಬಿಟ್ಟು ಎದ್ದು ಕೂರುತ್ತಾನೆ. ಎದುರು ಮನೆಯಾಕೆ ಆ ಹೊತ್ತಿಗೆ ಬಟ್ಟೆ ಒಣಹಾಕುವುದನ್ನೇ ಬಿಟ್ಟಿದ್ದಾರೆ. ವಯಸ್ಸು ಇಪ್ಪತ್ತೇಳು. ಮನುಷ್ಯನಿಗಾದರೆ ಮದುವೆಯ ವಯಸ್ಸು, ಕಾರಿಗೆ ಮಾತ್ರ ಗುಜರಿಯ ವಯಸ್ಸು.

ಇದು ನನ್ನ ಮಾವನ ಕಾರು. ಮಾವ ತೀರಿಕೊಂಡ ಮೇಲೆ ಗ್ಯಾರೇಜು ಮಗನಿಗೆ, ಅಂದರೆ ನನ್ನ ಭಾವನಿಗೆ ಹೋಯಿತು. ಮಗಳಿಗೆ ಹೊಲಿಗೆ ಮಷೀನು ಎಂದೋ ಕೊಟ್ಟಾಗಿತ್ತು. ಕಾರು ಯಾರಿಗೂ ಬೇಡವಾಗಿ ಗ್ಯಾರೇಜಿನ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ‘ಇದು ನನಗಿರಲಿ’ ಎಂದಳು ಇವಳು. ಯಾಕೆ ಎಂದು ಯಾರೂ ಕೇಳಲಿಲ್ಲ. ನಾನು ಕೇಳಿದೆ, ಅದೂ ಮದುವೆಯಾಗಿ ಹತ್ತೊಂಬತ್ತು ವರ್ಷದ ಮೇಲೆ.

ಆಗ ಒಂದು ಸಲ ಮಾತ್ರ ಹೇಳಿದಳು. ಚಿಕ್ಕವಳಿದ್ದಾಗ ಅಪ್ಪ ಕಾರಿನ ಕೆಳಗೆ ಮಲಗಿ ಕೈ ಮಾತ್ರ ಹೊರಗೆ ಚಾಚುತ್ತಿದ್ದರಂತೆ. ‘ಅಪ್ಪ ಕೇಳೋಕೆ ಮುಂಚೆನೇ ಹದಿಮೂರು ನಂಬರ್ ಸ್ಪ್ಯಾನರು ಕೈಗಿಡ್ತಿದ್ದೆ ಕಣ್ರೀ. ಅಣ್ಣ ಹತ್ತಕ್ಕೂ ಹದಿಮೂರಕ್ಕೂ ವ್ಯತ್ಯಾಸ ಗೊತ್ತಾಗದೆ ಬೈಸ್ಕೊಳ್ತಿದ್ದ.’ ಅವಳಿಗೆ ಹನ್ನೆರಡು ತುಂಬಿದ ವರ್ಷ ಅಪ್ಪ ಅವಳ ಕೈ ನೋಡಿ, ‘ಸಾಕು ಪುಟ್ಟಿ, ಉಗುರೆಲ್ಲ ಕಪ್ಪಾಯ್ತು, ನೀನು ಹೊಲಿಗೆ ಕಲಿ’ ಎಂದರಂತೆ. ಮರುದಿನ ಮನೆಗೆ ಮಷೀನು ಬಂತು. ಅಣ್ಣನಿಗೆ ನೀಲಿ ಕೋಟು ಬಂತು. ಆ ಕೋಟನ್ನು ಹೊಲಿದವಳು ಇವಳೇ, ಅದೇ ಅವಳ ಮೊದಲ ಹೊಲಿಗೆ.

ಇಷ್ಟು ಹೇಳಿ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ.

ಈಗ ಕತೆಗೆ ಬರುತ್ತೇನೆ. ಈ ವರ್ಷ ಫಿಟ್‌ನೆಸ್ ಪರೀಕ್ಷೆಯಲ್ಲಿ ಕೆಮ್ಮಜ್ಜ ಡುಮ್ಕಿ ಹೊಡೆದ. ಹೊಗೆ ಜಾಸ್ತಿ, ನೀರು ಸೋರಿಕೆ, ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಎರಡು ವಾರ ಸಮಯ. ಮತ್ತೆ ಫೇಲಾದರೆ ನಂಬರ್ ಪ್ಲೇಟ್ ಬಿಚ್ಚಿಕೊಂಡು ಸೀದಾ ಗುಜರಿಗೆ ಎಂದು ಚೀಟಿ ಕೊಟ್ಟರು. ಆ ಚೀಟಿ ಹಿಡಿದು ಭಾವನ ಗ್ಯಾರೇಜಿಗೆ ಹೋದೆವು.

ಗ್ಯಾರೇಜಿನ ಒಳಗೆ ಕಾಲಿಟ್ಟ ಕೂಡಲೇ ಎಡಗಡೆ ಗೋಡೆಯಲ್ಲಿ ಸಾಲಾಗಿ ಮೊಳೆಗಳು. ಒಂದೊಂದು ಮೊಳೆಗೆ ಒಂದೊಂದು ನೀಲಿ ಕೋಟು. ಎಲ್ಲ ನನ್ನ ಹೆಂಡತಿ ಹೊಲಿದವೇ. ಮೊದಲನೆಯ ಮೊಳೆ ಮಾತ್ರ ಖಾಲಿ. ಅದು ಮಾವನದು. ಅವರು ಹೋದ ಮೇಲೆ ಭಾವ ಅದಕ್ಕೆ ಯಾರ ಕೋಟನ್ನೂ ನೇತುಹಾಕಲು ಬಿಟ್ಟಿಲ್ಲ. ಹೊಸಬನೊಬ್ಬ ಗೊತ್ತಿಲ್ಲದೆ ಟೋಪಿ ಸಿಕ್ಕಿಸಿ ಬೈಸಿಕೊಂಡಿದ್ದನಂತೆ.

ಭಾವ ಚೀಟಿ ಓದಿ, ಚಹಾ ತರಿಸಿ, ‘ಪುಟ್ಟೀ, ಕಾರು ಇಲ್ಲಿ ಬಿಟ್ಟು ಹೋಗು. ಬಿಡಿಭಾಗಕ್ಕಾದ್ರೂ ಆಗುತ್ತೆ. ಪಾಪ, ಸಾಕು ಅದಕ್ಕೆ’ ಎಂದರು.

‘ಬಿಟ್ಟು ಹೋಗಲ್ಲ ಅಣ್ಣ. ನಾನೇ ರಿಪೇರಿ ಮಾಡ್ತೀನಿ.’

‘ನೀನಾ?’ ಭಾವ ನಕ್ಕರು. ಕೆಟ್ಟ ನಗುವಲ್ಲ, ತಂಗಿಯ ತಲೆ ಸವರುವ ನಗು. ನನಗೆ ಸಿಟ್ಟು ಬರುವುದು ಅಂಥ ನಗು ಕಂಡರೇ. ‘ಆಯಿಲು, ಫಿಲ್ಟರು ನೀನು ಬದಲಾಯಿಸ್ತೀಯ, ಗೊತ್ತು. ವಾಟರ್ ಪಂಪು ಬಿಚ್ಚೋದು ಅಂದ್ರೆ ಗುಂಡಿ ಹೊಲಿದ ಹಾಗಲ್ಲ ಪುಟ್ಟಿ.’

ನನ್ನ ಹೆಂಡತಿ ಚಹಾದ ಲೋಟ ಕೆಳಗಿಟ್ಟಳು. ಅವಳು ಲೋಟ ಮೆಲ್ಲಗೆ ಇಟ್ಟಳೆಂದರೆ ಏನೋ ಕಾದಿದೆ ಎಂದು ಅರ್ಥ.

‘ಸರಿ. ಫೇಲಾದ್ರೆ ಕೀ ತಂದು ನಿನ್ನ ಮೇಜಿನ ಮೇಲೆ ಇಡ್ತೀನಿ, ಆಮೇಲೆ ಈ ಜನ್ಮದಲ್ಲಿ ಸ್ಪ್ಯಾನರು ಮುಟ್ಟಲ್ಲ. ಪಾಸಾದ್ರೆ?’

‘ಪಾಸಾದ್ರೆ ನೀನು ಕೇಳಿದ್ದು ಕೊಡ್ತೀನಿ, ಹೋಗು.’

ದಾರಿಯಲ್ಲಿ ನಾನು ಬೈದೆ. ‘ಅಲ್ವೇ, ಕಾರು ಹೋದ್ರೆ ಹೋಗ್ಲಿ, ಮುಟ್ಟೋದೇ ಇಲ್ಲ ಅಂತ ಯಾಕೆ ಬಾಯಿ ಕೊಟ್ಟೆ? ಮಾತು ಮನೆ ಕೆಡಿಸಿತು ಅಂತಾರೆ.’ ಅವಳು ಗೇರು ಬದಲಾಯಿಸುತ್ತ, ‘ತೂತು ಒಲೆ ಕೆಡಿಸಿತು ಅಂತಾನೂ ಅಂತಾರೆ. ಮೊದಲು ನೀರಿನ ತೂತು ಎಲ್ಲಿದೆ ನೋಡೋಣ’ ಎಂದಳು.

ಮರುದಿನದಿಂದ ಮನೆಯ ಅಂಗಳ ನನ್ನ ಪಾಲಿಗೆ ನರಕ. ನಿವೃತ್ತಿಯಾದ ಗಂಡ ಬಿಟ್ಟಿ ಸಿಕ್ಕ ಸಹಾಯಕ ತಾನೇ! ಅವಳು ತನ್ನ ಉಪಕರಣಗಳಿಗೆ ದಪ್ಪ ಬಟ್ಟೆಯ ಸುರುಳಿಯೊಂದನ್ನು ಹೊಲಿದಿದ್ದಾಳೆ. ಪ್ರತಿ ಸ್ಪ್ಯಾನರಿಗೂ ಒಂದೊಂದು ಜೇಬು, ಜೇಬಿನ ಮೇಲೆ ಕೆಂಪು ದಾರದಲ್ಲಿ ನಂಬರು. ಅಷ್ಟಿದ್ದರೂ ಅವಳು ಹದಿಮೂರು ಕೇಳಿದರೆ ನಾನು ಹನ್ನೆರಡು ಕೊಟ್ಟೆ. ಕಾರಿನ ಕೆಳಗಿನಿಂದ ಧ್ವನಿ ಬಂತು: ‘ನೀವೂ ನನ್ನ ಅಣ್ಣನ ಜಾತಿನೇ ಕಣ್ರೀ.’

ಹ್ಯಾಂಡ್‌ಬ್ರೇಕಿನ ತಂತಿ ಹೊಸದು ಹಾಕಿದಳು. ಇಂಜಿನ್ನಿನ ಹೀಟರ್ ಪ್ಲಗ್ಗುಗಳು ನಾಲ್ಕು, ಚಳಿಯಲ್ಲಿ ಡೀಸೆಲ್ ಹತ್ತಿಕೊಳ್ಳಲು ಬೇಕಾದವು. ಅದರಲ್ಲಿ ಮೂರು ಸತ್ತಿದ್ದವು. ಅಜ್ಜ ಕೆಮ್ಮುತ್ತಿದ್ದದ್ದು ಸುಮ್ಮನೆ ಅಲ್ಲ! ನಾಲ್ಕನ್ನೂ ಬದಲಾಯಿಸಿದಳು. ಗಾಳಿಯ ಫಿಲ್ಟರ್ ತೆಗೆದಾಗ ಒಳಗೆ ಗುಬ್ಬಿಯ ಪುಕ್ಕ ಸಿಕ್ಕಿತು. ಡೀಸೆಲ್ ಫಿಲ್ಟರ್ ಹಾಕಿದ ಮೇಲೆ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವವರೆಗೆ ಸಣ್ಣ ಪಂಪನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಇರಬೇಕು. ಆ ಕೆಲಸ ನನಗೆ ಬಂತು. ಮೂರು ದಿನ ನನ್ನ ಹೆಬ್ಬೆರಳು ಪುಸ್ತಕದ ಪುಟ ತಿರುಗಿಸಲಿಲ್ಲ, ಮೈಯೆಲ್ಲ ಡೀಸೆಲ್ ವಾಸನೆ. ಆದರೆ ಮರುದಿನ ಬೆಳಿಗ್ಗೆ ಕೆಮ್ಮಜ್ಜ ಒಂದೇ ಸಲಕ್ಕೆ ಎದ್ದ, ಕೆಮ್ಮಲಿಲ್ಲ. ಎದುರು ಮನೆಯಾಕೆ ಕಿಟಕಿ ತೆರೆದು, ‘ಏನ್ ಟೇಲರಮ್ಮ, ಅಜ್ಜಂಗೆ ಹುಷಾರಿಲ್ವಾ?’ ಎಂದು ಕೇಳಿದರು.

ಉಳಿದದ್ದು ವಾಟರ್ ಪಂಪು, ಇಂಜಿನ್ ತಂಪಾಗಿಡಲು ನೀರು ಸುತ್ತಿಸುವುದು; ನೀರು ಸೋರುತ್ತಿದ್ದದ್ದು ಅದರಿಂದಲೇ. ಹಳೆಯದನ್ನು ಬಿಚ್ಚಿ ಬೋಲ್ಟುಗಳ ಸಮೇತ ತಂದು ಕತ್ತರಿಸುವ ಮೇಜಿನ ಮೇಲೆ ಇಟ್ಟಳು. ಬೋಲ್ಟು ಐದು: ಮೂರು ಉದ್ದ, ಎರಡು ಗಿಡ್ಡ. ಯಾವುದು ಯಾವ ತೂತಿಗೆ ಎಂದು ಮರೆಯಬಾರದಲ್ಲ, ಅದಕ್ಕೆ ಕಂದು ಕಾಗದ ಹಾಸಿ, ಪಂಪನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಸುತ್ತ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಒಂದೊಂದೇ ಬೋಲ್ಟನ್ನು ಅದರ ಜಾಗದಲ್ಲೇ ಕಾಗದಕ್ಕೆ ಚುಚ್ಚಿ ನಿಲ್ಲಿಸಿದಳು. ಪಂಪಿಗೂ ಇಂಜಿನ್ನಿಗೂ ನಡುವೆ ಕೂರುವ ಪ್ಯಾಕಿಂಗನ್ನು ತಾನೇ ಕತ್ತರಿಸಿದಳು, ಅದೂ ನನ್ನ ಲೈಬ್ರರಿಯ ಕತ್ತರಿಯಲ್ಲಿ. ಬಟ್ಟೆಯ ಕತ್ತರಿಗೆ ಕಾಗದ ತೋರಿಸುವಂತಿಲ್ಲವಂತೆ, ಅದರ ಬಾಯಿ ಮೊಂಡಾಗುತ್ತದಂತೆ. ನನ್ನ ಕತ್ತರಿಗೆ ಬಾಯಿಯೇ ಇಲ್ಲವೇ? ಕೇಳಿದೆ.

ಅದೇ ಮೇಜಿನ ಮೇಲೆ ಅರ್ಧ ಹೊಲಿದ ನೀಲಿ ಕೋಟೊಂದು ಬಿದ್ದಿತ್ತು. ಎತ್ತಿ ನೋಡಿದೆ, ತೋಳು ಗಿಡ್ಡ. ‘ಇದ್ಯಾರೇ, ನಿಮ್ಮಣ್ಣನ ಗ್ಯಾರೇಜಿಗೆ ಸೇರಿರೋ ಕುಳ್ಳ?’

‘ಯಾರೋ ಹೊಸಬರು. ಅಲ್ಲಿಡಿ, ಎಣ್ಣೆ ಕೈಲಿ ಮುಟ್ಟಬೇಡಿ.’

ಹೊಸ ಪಂಪು ಕೂರಿಸಿದಳು, ಕಾಗದ ನೋಡಿ ನೋಡಿ ಬೋಲ್ಟು ಹಾಕಿದಳು, ರೇಡಿಯೇಟರಿಗೆ ನೀರು ತುಂಬಿದಳು. ಇಂಜಿನ್ ಬಿಸಿಯಾಗುತ್ತಿದ್ದ ಹಾಗೆ ತೊಟ್, ತೊಟ್. ಪಂಪಿನ ಎಡಗಡೆಯಿಂದ ನೀರು. ಹಳೆಯದಕ್ಕಿಂತ ಜಾಸ್ತಿ!

ಬಿಚ್ಚಿದಳು, ಪ್ಯಾಕಿಂಗ್ ಬೇರೆ ಕತ್ತರಿಸಿದಳು, ಮತ್ತೆ ಹಾಕಿದಳು. ತೊಟ್, ತೊಟ್. ಮೂರನೆಯ ಸಲವೂ ಅದೇ ಹಾಡು. ಪರೀಕ್ಷೆಗೆ ಎರಡು ದಿನ ಉಳಿದಿತ್ತು.

‘ಇನ್ನೂ ಗಟ್ಟಿಯಾಗಿ ಬಿಗಿಮಾಡೇ’ ಎಂದೆ ನಾನು, ಮಹಾ ಪಂಡಿತನ ಹಾಗೆ. ಅವಳು ಸ್ಪ್ಯಾನರಿನ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿ ನೋಡಿದಳು. ‘ಇಲ್ಲ ಕಣ್ರೀ. ದಾರ ಎಲ್ಲಿ ಕಿತ್ತುಹೋಗುತ್ತೆ ಅಂತ ಕೈಗೆ ಗೊತ್ತಾಗುತ್ತೆ. ಇನ್ನೊಂದು ಸುತ್ತು ತಿರುಗಿಸಿದ್ರೆ ಇಂಜಿನ್ನೇ ಸೀಳುತ್ತೆ. ಬೋಲ್ಟು ಬಿಗಿಯಾಗಿದೆ, ಪಂಪು ಮಾತ್ರ ಬಿಗಿಯಾಗಿಲ್ಲ. ಯಾಕೆ ಅಂತ ತಿಳೀತಿಲ್ಲ.’

ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತಳು. ಅವಳ ಮುಖ ಸಣ್ಣದಾಗಿತ್ತು. ‘ಅಪ್ಪ ಹೇಳಿದ್ದೇ ಸರಿ ಇತ್ತೋ ಏನೋ’ ಎಂದಳು. ಸುಳ್ಳು ಯಾಕೆ ಹೇಳಲಿ, ನನ್ನ ಎದೆ ಒಡೆದುಹೋಯಿತು. ಕಾರನ್ನು ದ್ವೇಷಿಸುವ ನಾನು ಅವತ್ತು ಮನಸ್ಸಿನಲ್ಲೇ ಕೆಮ್ಮಜ್ಜನ ಕಾಲಿಗೆ ಬಿದ್ದೆ: ಮಾರಾಯ, ನನ್ನ ಮೇಲೆ ಏನಾದರೂ ಸಿಟ್ಟಿದ್ದರೆ ನನ್ನ ಮೇಲೇ ತೀರಿಸಿಕೋ, ಅವಳ ಮೇಲೆ ಬೇಡ. ಬಾಯಲ್ಲಿ ಮಾತ್ರ, ‘ಏಳೇ, ಸೋರೋದು ಪಂಪು ತಾನೆ, ಆಕಾಶ ಅಲ್ವಲ್ಲ’ ಎಂದು ರೇಗಿದೆ. ನನಗೆ ಸಮಾಧಾನ ಹೇಳಲು ಬರುವುದು ರೇಗಿಯೇ.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಚಹಾ ಮಾಡೋಣವೆಂದು ಕೈಗೆ ಸಿಕ್ಕ ಸ್ವೆಟರನ್ನು ತೊಟ್ಟುಕೊಂಡು ಅಡುಗೆಮನೆಗೆ ಹೋದೆ. ಚಹಾ ಕುದಿಯುತ್ತಿದ್ದಾಗ ಕನ್ನಡಕಕ್ಕೆಂದು ಎದೆಯ ಎಡಗಡೆ ತಡಕಿದೆ. ಜೇಬೇ ಇಲ್ಲ! ‘ಎಲ್ಲಿ ಹೋಯ್ತೇ ನನ್ನ ಜೇಬು?’ ಎಂದು ಕೂಗಿದೆ.

ಅವಳು ಬಾಗಿಲಿಗೆ ಬಂದು ನಿಂತಳು. ನನ್ನನ್ನು ನೋಡಿದಳು. ಸ್ವೆಟರು ಉಲ್ಟಾ, ಒಳಮೈ ಹೊರಗೆ. ಎಡಗಡೆ ಇರಬೇಕಾದ ಜೇಬಿನ ಹೊಲಿಗೆ ಬಲಗಡೆ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅವತ್ತು ಬಾಯಿ ತೆರೆದು ನನ್ನ ಎದೆಯನ್ನೇ ನೋಡುತ್ತ ನಿಂತಳು.

‘ಅಯ್ಯೋ ನನ್ನ ಬುದ್ಧಿಗಿಷ್ಟು! ಉಲ್ಟಾ! ಎಡಗಡೇದು ಬಲಗಡೆ!’

ಓಡಿದಳು. ಒಲೆ ಆರಿಸಿ ಹಿಂದೆಯೇ ನಾನೂ ಓಡಿದೆ. ಕಂದು ಕಾಗದವನ್ನು ಮೇಜಿನ ಮೇಲಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಟೇಲರುಗಳ ಪದ್ಧತಿ ಏನೆಂದರೆ, ಚಾಕ್‌ಪೀಸಿನ ಗೆರೆ ಮೇಲೆ ಕಾಣಬಾರದೆಂದು ಬಟ್ಟೆಯನ್ನು ಮುಖ ಕೆಳಗೆ ಮಾಡಿ ಹಾಸಿ ಉಲ್ಟಾ ಕಡೆ ಗುರುತು ಹಾಕುತ್ತಾರೆ. ಮೂವತ್ತೆಂಟು ವರ್ಷದ ಅಭ್ಯಾಸ. ಪಂಪನ್ನೂ ಹಾಗೆಯೇ ಮುಖ ಕೆಳಗೆ ಮಲಗಿಸಿ ಗುರುತು ಹಾಕಿದ್ದಳು. ಪಂಪು ಎರಡೂ ಕಡೆ ಒಂದೇ ಆಕಾರ, ಹಾಗಾಗಿ ಕಣ್ಣಿಗೆ ಗೊತ್ತಾಗಿರಲಿಲ್ಲ. ಬೋಲ್ಟುಗಳು ಮಾತ್ರ ಅದಲುಬದಲು. ಗಿಡ್ಡ ತೂತಿಗೆ ಉದ್ದದ ಬೋಲ್ಟು ಹೋಗಿ ತಳಮುಟ್ಟಿ ನಿಂತಿತ್ತು. ಬಿಗಿಯಾದ ಹಾಗೆ ಅನ್ನಿಸುತ್ತಿತ್ತು, ಪಂಪನ್ನು ಒತ್ತಿ ಹಿಡಿದಿರಲಿಲ್ಲ. ಮೆಕ್ಯಾನಿಕ್ಕು ಯಾರೂ ಈ ತಪ್ಪು ಮಾಡಲಾರರು. ಒಳ್ಳೆಯ ಟೇಲರ್ ಮಾತ್ರ ಮಾಡಬಲ್ಲಳು.

ಅಂದು ಹನ್ನೊಂದು ಗಂಟೆಯ ಹೊತ್ತಿಗೆ ಪಂಪು ಕೂತಿತು. ಇಂಜಿನ್ ಒಂದು ತಾಸು ಓಡಿತು. ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ ಒಂದು ಹನಿಯೂ ಇಲ್ಲ. ನಾನು ಮಂಡಿಯೂರಿ ಅದರ ಮೂರು ಸುದ್ದಿ ಓದಿದೆ, ಎಲ್ಲ ಒಣ ಸುದ್ದಿ. ‘ನನ್ನ ಸ್ವೆಟರಿಗೆ ಒಂದು ನಮಸ್ಕಾರ ಹಾಕು’ ಎಂದೆ. ‘ಹಾಕ್ತೀನಿ, ಮೊದಲು ಅದನ್ನ ಸೀದಾ ಹಾಕ್ಕೊಳ್ಳಿ’ ಎಂದಳು.

ಪರೀಕ್ಷೆಯ ದಿನ ಬಂತು. ತಪಾಸಣೆಯ ಅಂಗಳದ ಗೇಟಿನ ಹತ್ತಿರ ಭಾವ ನಿಂತಿದ್ದರು. ಪಕ್ಕದಲ್ಲಿ ಅವರ ಜೀಪು, ಜೀಪಿನ ಹಿಂದೆ ಸುರುಳಿ ಸುತ್ತಿದ ಹಗ್ಗ. ‘ಎಳ್ಕೊಂಡು ಹೋಗೋಕೆ ಬೇಕಾದ್ರೆ ಇರ್ಲಿ ಅಂತ ಬಂದೆ ಭಾವನೋರೇ’ ಎಂದರು ನನಗೆ. ‘ಹಗ್ಗ ನೀವೇ ಇಟ್ಕೊಳ್ಳಿ ಭಾವ, ಬಟ್ಟೆ ಒಣಹಾಕೋಕೆ ಆಗುತ್ತೆ’ ಎಂದೆ.

ಅಧಿಕಾರಿ ಮಾತು ಕಡಿಮೆಯ ಮನುಷ್ಯ. ಹ್ಯಾಂಡ್‌ಬ್ರೇಕ್ ಎಳೆಸಿ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದ. ಸೈಲೆನ್ಸರಿಗೆ ಒಂದು ನಳಿಗೆ ಸಿಕ್ಕಿಸಿ, ‘ಪೂರ್ತಿ ಒತ್ತಿ’ ಎಂದ. ಕೆಮ್ಮಜ್ಜ ಗರ್ಜಿಸಿದ. ಒಂದು ಸಲ, ಎರಡು ಸಲ, ಮೂರು ಸಲ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಆಮೇಲೆ ಬಾನೆಟ್ ಎತ್ತಿ ಒಳಗೆ ಬಗ್ಗಿದ.

‘ಇದೇನಮ್ಮ, ಬೋಲ್ಟಿನ ಮೇಲೆಲ್ಲ ನೀಲಿ ಗೆರೆ?’

‘ಬಟ್ಟೆಗೆ ಹಾಕೋ ಚಾಕ್‌ಪೀಸು ಸಾರ್. ಬಿಗಿಮಾಡಿ ಆದ ಮೇಲೆ ಗೆರೆ ಹಾಕಿದ್ದೀನಿ. ಸಡಿಲಾದ್ರೆ ಗೆರೆ ಮುರಿಯುತ್ತೆ, ನೋಡಿದ ಕೂಡಲೇ ತಿಳಿಯುತ್ತೆ.’

ಅವನು ಸ್ವಲ್ಪ ಹೊತ್ತು ಗೆರೆಗಳನ್ನೇ ನೋಡಿದ. ‘ಯಾವ ಗ್ಯಾರೇಜಮ್ಮ?’

‘ಮನೇಲಿ ಸಾರ್.’

ಮುದ್ರೆ ಬಿತ್ತು. ಪಾಸು! ನಾನು ಅಂಗಳದಲ್ಲೇ ಕುಣಿಯುವುದೊಂದು ಬಾಕಿ. ಅವಳು ಚೀಟಿಯನ್ನು ಮಡಚಿ ಕೈಚೀಲಕ್ಕೆ ಹಾಕಿ, ಏನೂ ಆಗದವಳ ಹಾಗೆ ಕಾರಿಗೆ ಬಂದಳು.

ಭಾವ ಬಾನೆಟ್ಟಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಹಿಂದಿನ ಸೀಟಿನಲ್ಲಿದ್ದ ಕಂದು ಕಾಗದಗಳನ್ನು ಎತ್ತಿ ತಿರುಗಿಸಿದರು. ಪಂಪು, ಪ್ಯಾಕಿಂಗು, ಫಿಲ್ಟರಿನ ಮುಚ್ಚಳ; ಒಂದೊಂದರ ಮೇಲೂ ಅವಳ ದುಂಡು ಅಕ್ಷರ. ಪಂಪಿನ ಕಾಗದದ ಮೇಲೆ ಕೆಂಪಿನಲ್ಲಿ ಎರಡು ಸಲ ‘ಸೀದಾ’ ಎಂದು ಬರೆದಿತ್ತು.

‘ಪುಟ್ಟೀ,’ ಎಂದರು ಭಾವ. ‘ಇದೇ ಇಂಜಿನ್ನಿನ ಗಾಡಿ ಒಂದು ನನ್ನ ಹತ್ರ ತಿಂಗಳಿಂದ ನಿಂತಿದೆ. ಎರಡು ಸಲ ಪಂಪು ಹಾಕಿದ್ವಿ, ಇನ್ನೂ ಸೋರುತ್ತೆ. ಈ ಕಾಗದ ಒಂದೆರಡು ದಿನ ಕೊಡ್ತೀಯಾ?’

‘ಟೇಲರು ಅಳತೆಯ ಕಾಗದ ಹೊರಗೆ ಕೊಡಲ್ಲ ಅಣ್ಣ. ಬೇಕಿದ್ರೆ ನಾನೇ ಬಂದು ಹಾಕ್ತೀನಿ.’

ಭಾವ ತಲೆ ಕೆರೆದುಕೊಂಡರು. ‘ಸರಿ, ಬಾ. ಆಮೇಲೆ ನಮ್ಮ ಪಂದ್ಯ? ಏನು ಬೇಕು ಕೇಳು.’

‘ಒಂದು ಮೊಳೆ.’

‘ಏನು?’

‘ಗ್ಯಾರೇಜಿನ ಗೋಡೆಗೆ ಒಂದು ಮೊಳೆ ಹೊಡೆದುಕೊಡು. ನನ್ನ ಕೋಟು ನೇತುಹಾಕೋಕೆ.’

ಎಂದವಳೇ ಸೀಟಿನ ಕೆಳಗಿದ್ದ ಚೀಲದಿಂದ ನೀಲಿ ಕೋಟು ತೆಗೆದಳು. ಅದೇ ಗಿಡ್ಡ ತೋಳಿನದು. ಕುಳ್ಳ ಯಾರೆಂದು ನನಗೆ ಆಗ ಹೊಳೆಯಿತು. ಮೂವತ್ತೆಂಟು ವರ್ಷ ಕಂಡವರಿಗೆಲ್ಲ ಆ ಕೋಟು ಹೊಲಿದವಳು ಮೊದಲ ಸಲ ತನ್ನ ಅಳತೆಗೆ ಹೊಲಿದುಕೊಂಡಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಡೀಸೆಲ್ ಹೊಗೆ ಅನ್ನೋಣವೆಂದರೆ ಕೆಮ್ಮಜ್ಜ ಈಗ ಹೊಗೆಯನ್ನೇ ಬಿಡುತ್ತಿಲ್ಲ!

ಭಾವ ಜೀಪು ಹತ್ತಿ ಮುಂದೆ ಹೊರಟರು, ನಾವು ಹಿಂದೆ. ಗ್ಯಾರೇಜಿನಲ್ಲಿ ಇಳಿದು ಗೋಡೆಯ ಹತ್ತಿರ ಹೋಗಿ, ‘ಹೊಸ ಮೊಳೆ ಯಾಕೆ? ಅಪ್ಪಂದು ಖಾಲಿ ಇದೆಯಲ್ಲ’ ಎಂದರು.

ಗ್ಯಾರೇಜಿನವರೆಲ್ಲ ಕೈಲಿದ್ದ ಕೆಲಸ ನಿಲ್ಲಿಸಿ ನೋಡಿದರು. ನನ್ನ ಹೆಂಡತಿ ಕೋಟು ಹಿಡಿದು ಮುಂದೆ ಹೋದಳು, ಕೈ ಎತ್ತಿದಳು, ತುದಿಗಾಲಲ್ಲಿ ನಿಂತಳು. ಎಟುಕಲಿಲ್ಲ. ಮಾವ ಆರಡಿ ಆಳು, ಇವಳು ಅವರ ಭುಜಕ್ಕೂ ಬರುತ್ತಿರಲಿಲ್ಲ. ನಾನು ಸ್ಟೂಲು ಹುಡುಕತೊಡಗಿದೆ.

‘ಸ್ಟೂಲು ಬೇಡ, ಇರಿ’ ಎಂದರು ಭಾವ. ಸುತ್ತಿಗೆ ತಂದು, ಇಷ್ಟು ವರ್ಷ ಯಾರಿಗೂ ಮುಟ್ಟಲು ಬಿಡದ ಆ ಮೊಳೆಯನ್ನು ತಾವೇ ಕಿತ್ತರು. ತಂಗಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅವಳ ಕೈ ಎಟುಕುವ ಎತ್ತರ ನೋಡಿಕೊಂಡರು. ಅವಳು ಕಿವಿಯ ಹಿಂದಿನಿಂದ ನೀಲಿ ಚಾಕ್‌ಪೀಸು ತೆಗೆದು ಅಲ್ಲಿ ಒಂದು ಗೆರೆ ಎಳೆದಳು. ಗೆರೆಯ ಮೇಲೆ ಅದೇ ಮೊಳೆ ಹೊಡೆದರು, ಹಳೆಯ ಜಾಗಕ್ಕಿಂತ ಎರಡು ಗೇಣು ಕೆಳಗೆ.

ಕೋಟು ನೇತುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಮತ್ತೆ ಹೋಗಿ ಅದನ್ನು ತೆಗೆದು ತೊಟ್ಟುಕೊಂಡಳು.

‘ಹೂಂ ಅಣ್ಣ, ಸೋರೋ ಗಾಡಿ ಎಲ್ಲಿದೆ? ಹದಿಮೂರು ನಂಬರ್ ಕೊಡು.’

ಭಾವ ಹನ್ನೆರಡು ಕೊಟ್ಟರು.